ತಟ್ಟೆ ತಿರುಗಿಸಿ ಕಳಿಸಿದ ಮನೆ: ಫಿಲಿಪ್ಪೀನ್ಸ್‌ನಲ್ಲಿ ಆರು ದಿನ

ಒಂಬತ್ತು ವರ್ಷ ರಾತ್ರಿ ಪಾಳಿಯಲ್ಲಿ ಒಬ್ಬನ ಜೊತೆ ಕೆಲಸ ಮಾಡಿದೆ. ನಾನು ಬೆಂಗಳೂರಲ್ಲಿ, ಅವನು ಮನಿಲಾದಲ್ಲಿ. ಅಮೆರಿಕದವರ ಬಿಲ್ಲಿನ ತಕರಾರೇ ನಮ್ಮಿಬ್ಬರಿಗೂ ಅನ್ನ. ಲೈನಿಗೆ ಬಂದ ಕೂಡಲೇ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಊಟ ಆಯ್ತಾ?" ಇಂಗ್ಲಿಷಿನಲ್ಲೇ ಕೇಳುತ್ತಿದ್ದ. ಆದರೆ ಇಂಗ್ಲಿಷಿನವರು ಯಾರೂ ಹಾಗೆ ಕೇಳುವುದಿಲ್ಲ. ನಮ್ಮ ಮ್ಯಾನೇಜರ್‌ಗಳು ಹವಾಮಾನ ಕೇಳುತ್ತಿದ್ದರು. ಇವನು ಊಟ ಕೇಳುತ್ತಿದ್ದ. ಅವರ ಭಾಷೆಯಲ್ಲಿ ಅದು "ಕುಮಾಯಿನ್ ಕ ನ?" ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ನನಗೊಂದು ಭ್ರಮೆ ಹುಟ್ಟಿತು. ಇವರು ನಮ್ಮಂಥವರೇ, ಇವರೂರಿಗೆ ಹೋದರೆ ನನಗೇನೂ ಕಷ್ಟ ಆಗಲ್ಲ ಅಂತ.

ಕಳೆದ ಡಿಸೆಂಬರಿನಲ್ಲಿ ಹೋದೆ. 2025ರ ಜೂನ್‌ನಿಂದ ಭಾರತದ ಪ್ರವಾಸಿಗಳಿಗೆ 14 ದಿನದವರೆಗೆ ವೀಸಾ ಬೇಡ ಅಂತ ಅಲ್ಲಿನ ಸರ್ಕಾರ ಹೇಳಿತು. "ಇನ್ಯಾವ ನೆಪ ಹೇಳ್ತೀಯ?" ಅಂತ ಗೆಳೆಯ ಕೇಳಿದ. ನೆಪ ಸಿಗಲಿಲ್ಲ. ಅರಸೀಕೆರೆ ಕಡೆಯ ನಾನು ಚಿಕ್ಕಮಗಳೂರು ಕಾಫಿಪುಡಿ, ಒಂದು ಸ್ಟೀಲ್ ಡಬ್ಬಿ ತುಂಬ ಮೈಸೂರು ಪಾಕು ಕಟ್ಟಿಕೊಂಡು ವಿಮಾನ ಹತ್ತಿದೆ.

ಮೊದಲ ದಿನ, ಡಿಸೆಂಬರ್ 14

ಮನಿಲಾದಲ್ಲಿ ಇಳಿದಾಗ ನನ್ನ ವಾಚಿನಲ್ಲಿ ಎಂಟೂವರೆ, ಅವರ ಗೋಡೆಯಲ್ಲಿ ಹನ್ನೊಂದು. ಗೆಳೆಯ ಗೇಟಿನ ಹತ್ತಿರ ನಿಂತಿದ್ದ. ಮೊದಲ ಸಲ ಮುಖಾಮುಖಿ ಆಗ್ತಾ ಇದ್ದೀವಿ, ಏನು ಹೇಳ್ತಾನೋ ಅಂತ ನನಗೆ ಕುತೂಹಲ. "ಫೋಟೋಗಿಂತ ದಪ್ಪ ಇದ್ದೀಯ!" ಅಂದ. ಆಮೇಲೆ ತಬ್ಬಿಕೊಂಡ. ಊರಿಗೆ ಹೋದಾಗ ನಮ್ಮ ಚಿಕ್ಕಮ್ಮ ಹೇಳುವುದೂ ಇದನ್ನೇ. ತಬ್ಬಿಕೊಳ್ಳುವುದೊಂದು ಬಿಟ್ಟು.

ಮಧ್ಯಾಹ್ನ ಒಂದು ಮಾಲ್‌ಗೆ ಹೋದೆವು. ಬಾಗಿಲಲ್ಲಿ ಸೆಕ್ಯೂರಿಟಿಯವನು ಗಂಡು ಹೆಣ್ಣು ನೋಡದೆ ಎಲ್ಲರಿಗೂ "ಮಾಮ್‌ಸರ್" ಅಂತಿದ್ದ. ಒಂದೇ ಪದದಲ್ಲಿ ಇಬ್ಬರಿಗೂ ಮರ್ಯಾದೆ, ಟೈಮೂ ಉಳಿತಾಯ. ಟಾಯ್ಲೆಟ್ ಎಲ್ಲಿ ಅಂತ ಅವನನ್ನೇ ಕೇಳಿದೆ. ಅವನು ಬಾಯಿ ಬಿಡಲಿಲ್ಲ, ಕೈ ಎತ್ತಲಿಲ್ಲ. ಎರಡೂ ತುಟಿ ಮುಂದೆ ಚಾಚಿ, ಮುತ್ತು ಕೊಡೋ ಹಾಗೆ, ಮುಖವನ್ನು ಎಡಕ್ಕೆ ತಿರುಗಿಸಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮತ್ತೆ ಕೇಳಿದೆ. ಮತ್ತೆ ತುಟಿ, ಈ ಸಲ ಇನ್ನೂ ಉದ್ದಕ್ಕೆ. ಗೆಳೆಯ ನಕ್ಕು ನಕ್ಕು ಗೋಡೆಗೆ ಒರಗಿದ. ದಾರಿ ತೋರಿಸುವುದು ಇಲ್ಲಿ ತುಟಿಯಲ್ಲಿ. ಬೆರಳು ಮಾಡಿ ತೋರಿಸಿದರೆ ಒರಟು. ಇನ್ನು "ಹೌದು" ಅನ್ನುವುದಕ್ಕೆ ಹುಬ್ಬು ಒಂದು ಸಲ ಮೇಲೆ ಹಾರಿಸಿದರೆ ಸಾಕು. ನಾನು ಪ್ರಶ್ನೆ ಕೇಳಿ, ಉತ್ತರ ಬಂದದ್ದೇ ತಿಳಿಯದೆ ಮತ್ತೆ ಮತ್ತೆ ಕೇಳಿದ್ದು ಆ ದಿನ ಎಷ್ಟು ಸಲವೋ.

ಸಂಜೆ ಜೀಪ್ನಿ ಹತ್ತಿದೆವು, ಉದ್ದನೆ ಜೀಪಿನಂಥ ಅಲ್ಲಿನ ಸಿಟಿ ಬಸ್ಸು. ಎದುರುಬದುರು ಎರಡು ಉದ್ದ ಬೆಂಚು, ಹಿಂದಿನಿಂದ ಹತ್ತಬೇಕು, ಕಂಡಕ್ಟರ್ ಇಲ್ಲ. ನಾನು ಬಾಗಿಲ ಹತ್ತಿರದ ತುದಿಯಲ್ಲಿ, ಡ್ರೈವರ್ ಆ ತುದಿಯಲ್ಲಿ. ಟಿಕೆಟ್ 13 ಪೆಸೊ, ನಮ್ಮ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿ. ಗೆಳೆಯ 50ರ ನೋಟು ಮುಂದೆ ಹಿಡಿದು "ಬಾಯದ್ ಪೊ" ಅಂದ. ಪಕ್ಕದ ಹುಡುಗಿ ಮೊಬೈಲಿನಿಂದ ಕಣ್ಣು ಕೀಳದೆ ಕೈ ಚಾಚಿ ತಗೊಂಡಳು, ಮುಂದಿನವರಿಗೆ ಕೊಟ್ಟಳು. ನೋಟು ಆರು ಕೈ ದಾಟಿ ಡ್ರೈವರಿಗೆ ಸೇರಿತು. ಚಿಲ್ಲರೆ ಅದೇ ಆರು ಕೈ ದಾಟಿ ವಾಪಸ್ ಬಂತು, ಒಂದು ಪೆಸೊ ಕೂಡ ಕಮ್ಮಿ ಇಲ್ಲ. ನಾನು ಎಣಿಸಿದೆ. ಎಣಿಸಿದ್ದು ಪಕ್ಕದ ಹುಡುಗಿಗೆ ಕಾಣಿಸಿತು. ಸ್ವಲ್ಪ ನಾಚಿಕೆ ಆಯಿತು.

ಈ "ಪೊ" ಬಗ್ಗೆ ಹೇಳಿಬಿಡುತ್ತೇನೆ. ಇದಕ್ಕೆ ಇಂಗ್ಲಿಷಿನಲ್ಲಿ ಪದ ಇಲ್ಲ ಅಂತ ಗೆಳೆಯ ವಿವರಿಸೋಕೆ ಒದ್ದಾಡುತ್ತಿದ್ದ. ನನಗೆ ಎರಡು ನಿಮಿಷದಲ್ಲಿ ತಿಳಿಯಿತು. ನಮ್ಮ ಧಾರವಾಡದ ಕಡೆಯ "ರೀ". ಹೌದ್ರೀ, ಬರ್ರೀ, ಇಲ್ರೀ. ಗೊತ್ತಿಲ್ಲದವರಿಗೆ, ಹಿರಿಯರಿಗೆ ಮಾತಾಡುವಾಗ "ಪೊ" ಸೇರದಿದ್ದರೆ ಮಾತು ಬೋಳು ತಲೆಯ ಹಾಗೆ ಕಾಣುತ್ತದಂತೆ. ಕೆಳಗಿಳಿಯಲು "ಪಾರಾ ಪೊ" ಅನ್ನಬೇಕು. ನಿಲ್ಲಿಸ್ರೀ ಅಂತ. ನಾನು ಹೇಳಿದೆ. ಜೀಪ್ನಿ ನಿಂತಿತು. ಆ ಖುಷಿಯಲ್ಲಿ ಎರಡು ಸ್ಟಾಪ್ ಮೊದಲೇ ಇಳಿದಿದ್ದೆವು.

ಎರಡನೇ ದಿನ, ಡಿಸೆಂಬರ್ 15

ಗೆಳೆಯನ ಹುಟ್ಟೂರು ತಾಲ್. ಮನಿಲಾದಿಂದ ದಕ್ಷಿಣಕ್ಕೆ, ಬತಾಂಗಾಸ್ ಪ್ರಾಂತ್ಯದಲ್ಲಿದೆ. ಬೆಳಗ್ಗೆ ಪಾಸಾಯ್‌ನ ಬಸ್ ನಿಲ್ದಾಣಕ್ಕೆ ಬಂದೆವು. ಅವನು ಟಿಕೆಟ್ ತರಲು ಹೋದ. ನಾನು ಬ್ಯಾಗು ಕಾಯ್ತಾ ನಿಂತೆ. ಪಕ್ಕದ ಬೆಂಚಿನಲ್ಲಿ ಒಬ್ಬ ಡ್ರೈವರ್ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿಕೊಂಡು ತಿನ್ನುತ್ತಿದ್ದ. ಕಣ್ಣಿಗೆ ಕಣ್ಣು ಸೇರಿತು. "ಸರ್, ಲೆಟ್ಸ್ ಈಟ್!" ಅಂದ, ನಗುತ್ತಾ.

ಎಂಥ ಒಳ್ಳೆಯ ಮನುಷ್ಯ ಅಂದುಕೊಂಡೆ. ಹೊಟ್ಟೆಯೂ ಹಸಿದಿತ್ತು. ಹೋಗಿ ಪಕ್ಕದಲ್ಲಿ ಕೂತೆ.

ಅವನ ಕೈಯ ಚಮಚ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಒಂದೇ ಕ್ಷಣ. ಆಮೇಲೆ ಅವನು ಡಬ್ಬಿಯ ಮುಚ್ಚಳ ಮಗುಚಿ ಇಟ್ಟ. ಅನ್ನವನ್ನು ಚಮಚದಿಂದ ಗೆರೆ ಎಳೆದು ಎರಡು ಪಾಲು ಮಾಡಿದ. ಮೇಲಿದ್ದ ಬದನೆಕಾಯಿ ಆಮ್ಲೆಟ್ಟನ್ನೂ ಮುರಿದ. ದೊಡ್ಡ ಅರ್ಧ ನನ್ನ ಮುಚ್ಚಳಕ್ಕೆ ಹಾಕಿದ. ಚಮಚ ಒಂದೇ ಇತ್ತು. ಅದನ್ನೂ ನನಗೇ ಕೊಟ್ಟು, ತಾನು ಕೈ ತೊಳೆಯಲು ಎದ್ದ. ಗೆಳೆಯ ಬರುವ ಹೊತ್ತಿಗೆ ನಾನು ಮುಚ್ಚಳ ಖಾಲಿ ಮಾಡಿ ಡ್ರೈವರನ ಮಕ್ಕಳ ಫೋಟೋ ನೋಡುತ್ತಿದ್ದೆ.

ಬಸ್ಸಿನಲ್ಲಿ ಕೂತ ಮೇಲೆ ಗೆಳೆಯ ಮೆಲ್ಲಗೆ ಹೇಳಿದ. "ಕಾಯಿನ್ ತಾಯೊ" ಅಂದರೆ ಬನ್ನಿ ಊಟ ಮಾಡೋಣ. ತಿನ್ನುವಾಗ ಯಾರಾದರೂ ಎದುರಾದರೆ ಹಾಗೆ ಹೇಳಲೇಬೇಕು. ಎದುರಿನವರು "ಆಯ್ತು, ನೀವು ಮಾಡಿ" ಅನ್ನಬೇಕು. ಮಾತು ಅಲ್ಲಿಗೆ ಮುಗಿಯಿತು. ಯಾರೂ ಹೋಗಿ ಕೂರುವುದಿಲ್ಲ.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇದು ನನಗೆ ಗೊತ್ತಿಲ್ಲದ ಸಂಗತಿಯಾ? ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದವರು "ಬನ್ನಿ ಊಟಕ್ಕೆ" ಅಂದರೆ ನಾನು "ಆಗ್ಲಿ, ನಿಮ್ದು ನಡೀಲಿ" ಅಂದು ಮುಂದೆ ಹೋಗಿರುತ್ತಿದ್ದೆ. ಅದೇ ಮಾತು ಇಂಗ್ಲಿಷ್ ಹಾಕಿಕೊಂಡು ಬಂದದ್ದೇ ತಡ, ನಿಜವಾದ ಕರೆಯೋಲೆ ಅಂದುಕೊಂಡುಬಿಟ್ಟೆ. ಆ ಡ್ರೈವರ್ ಮಧ್ಯಾಹ್ನದವರೆಗೆ ಅರ್ಧ ಹೊಟ್ಟೆಯಲ್ಲಿ ಬಸ್ ಓಡಿಸಿರಬೇಕು.

ತಗಾಯ್‌ತಾಯ್ ದಿಣ್ಣೆ ಮೇಲೆ ಬಸ್ ಸಾಗುವಾಗ ಕೆಳಗೆ ದೊಡ್ಡ ಕೆರೆ, ನಡುವೆ ತಾಲ್ ಜ್ವಾಲಾಮುಖಿ. ನೋಡಲು ಪುಟ್ಟ ಗುಡ್ಡ. 2020ರ ಜನವರಿ 12ರಂದು ಇದು ಉಗಿದಾಗ ಬೂದಿ ಮನಿಲಾದವರೆಗೆ ಬಿದ್ದಿತ್ತು. 1754ರಲ್ಲಿ ಉಗಿದದ್ದು ಇನ್ನೂ ಜೋರು. ಆಗ ಕೆರೆಯ ದಂಡೆಯಲ್ಲಿದ್ದ ತಾಲ್ ಊರೇ ಎದ್ದು ಈಗಿನ ಜಾಗಕ್ಕೆ ಬಂತು.

ಊರು ಸೇರಿದಾಗ ಮಧ್ಯಾಹ್ನ. ಹಳೇ ಕಾಲದ ಮರದ ಮನೆ, ಕಿಟಕಿಗಳಿಗೆ ಗಾಜಿನ ಬದಲು ತೆಳು ಕಪ್ಪೆಚಿಪ್ಪಿನ ಚೌಕಗಳು. ಗೆಳೆಯ ತನ್ನದೇ ಮನೆಯ ಗೇಟಿನಲ್ಲಿ ನಿಂತು "ತಾಓ ಪೊ!" ಅಂತ ಕೂಗಿದ. ಏನು ಹಾಗಂದರೆ? "ಮನುಷ್ಯ ರೀ!" ಅಂತ. ಬಂದಿರುವುದು ಮನುಷ್ಯರೇ, ದೆವ್ವ ಗಿವ್ವ ಅಲ್ಲ, ಬಾಗಿಲು ತೆಗೀರಿ ಅಂತ ಹಿಂದಿನವರು ಹೇಳಿಕೊಳ್ಳುತ್ತಿದ್ದರಂತೆ. ನಾನು ನಮ್ಮೂರ ಬಾಗಿಲುಗಳ ಮೇಲೆ ಬರೆಯುತ್ತಿದ್ದ "ನಾಳೆ ಬಾ" ಕಥೆ ಹೇಳಿದೆ. ದೆವ್ವ ಪರಿಚಯದವರ ದನಿಯಲ್ಲಿ ಕೂಗುತ್ತೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಓದುತ್ತೆ. "ನಿಮ್ಮ ದೆವ್ವಕ್ಕೆ ಓದು ಬರುತ್ತಾ?" ಅಂತ ಅವನಿಗೆ ಆಶ್ಚರ್ಯ. ಇಲ್ಲಿ ಮನುಷ್ಯನೇ ಸರ್ಟಿಫಿಕೇಟು ಕೊಟ್ಟುಕೊಳ್ಳುತ್ತಾನೆ, ನಮ್ಮಲ್ಲಿ ದೆವ್ವಕ್ಕೆ ನೋಟಿಸು ಅಂಟಿಸುತ್ತೇವೆ.

ಚಪ್ಪಲಿ ಹೊರಗೆ ಬಿಟ್ಟೆವು. ಒಳಗೆ ಅವನ ಅಜ್ಜಿ, ಎಂಬತ್ತೇಳರ ಲೋಲಾ, ಬೆತ್ತದ ಕುರ್ಚಿಯಲ್ಲಿದ್ದರು. ಅಂದಹಾಗೆ ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಆರು ದಿನ ನನಗೆ ಹೆಸರು ಬೇಕಾಗಲೇ ಇಲ್ಲ. ಅಜ್ಜಿ ಲೋಲಾ, ಅತ್ತೆ ಚಿಕ್ಕಮ್ಮ ಎಲ್ಲ ಟಿಟಾ, ಅಕ್ಕ ಆತೆ, ಅಣ್ಣ ಕುಯಾ. ಅಂಗಡಿಯವನೂ ಕುಯಾ, ಆಟೋದವನೂ ಕುಯಾ. ನಾವು "ಅಣ್ಣಾ, ಒಂದು ಚೌಚೌ ಬಾತ್" ಅನ್ನಲ್ವಾ, ಹಾಗೆ.

ಹಿರಿಯರು ಕಂಡ ಕೂಡಲೇ ನಾನು ಅಭ್ಯಾಸಬಲದಿಂದ ಬಗ್ಗಿ ಕಾಲಿಗೆ ಕೈ ಹಾಕಿದೆ. ಲೋಲಾ "ಆಯ್!" ಅಂತ ಕಾಲು ಎಳೆದುಕೊಂಡರು. ನನ್ನ ಕೈಯಿಂದ ಏನೋ ಬಿತ್ತು ಅಂದುಕೊಂಡು ಕುರ್ಚಿ ಕೆಳಗೆ ಹುಡುಕತೊಡಗಿದರು. ಮೊಮ್ಮಕ್ಕಳೂ ಹುಡುಕಿದರು. ಗೆಳೆಯ ಬಂದು ತೋರಿಸಿಕೊಟ್ಟ. ಹಿರಿಯರ ಬಲಗೈ ಹಿಡಿದು, ಬಗ್ಗಿ, ಆ ಕೈಯ ಹಿಂಬದಿಯನ್ನು ನಮ್ಮ ಹಣೆಗೆ ಮುಟ್ಟಿಸಿಕೊಳ್ಳಬೇಕು. "ಮಾನೊ ಪೊ" ಅನ್ನಬೇಕು. ಮಾಡಿದೆ. ಕೈ ಒಣಗಿದ ಅಡಿಕೆ ಹಾಳೆಯ ಹಾಗೆ ಹಗುರವಾಗಿತ್ತು, ಬೆಳ್ಳುಳ್ಳಿ ವಾಸನೆ ಇತ್ತು. "ಕಾಅವಾನ್ ಕ ನಂಗ್ ದಿಯೋಸ್" ಅಂದರು. ದೇವರು ನಿನಗೆ ಕರುಣೆ ತೋರಲಿ ಅಂತ.

ಮೈಸೂರು ಪಾಕಿನ ಡಬ್ಬಿ, ಕಾಫಿಪುಡಿ ಕೊಟ್ಟೆ. ದೂರದಿಂದ ಬರುವಾಗ ತರುವ ತಿಂಡಿ, ಸಾಮಾನಿಗೆ ಇವರಲ್ಲಿ ಪಸಲೂಬೊಂಗ್ ಅಂತ ಹೆಸರೇ ಇದೆ. ಬರಿಗೈಲಿ ಬರುವ ಹಾಗಿಲ್ಲ. ಲೋಲಾ ಎರಡೂ ಕೈಲಿ ತಗೊಂಡು, ಥ್ಯಾಂಕ್ಸ್ ಹೇಳಿ, ಬಿಚ್ಚಿಯೂ ನೋಡದೆ ಅಲಮಾರಿನ ಮೇಲೆ ಇಟ್ಟುಬಿಟ್ಟರು. ನನಗೆ ಚುಚ್ಚಿತು. ತುಪ್ಪ ಜಾಸ್ತಿ ಹಾಕಿಸಿ ಮಾಡಿಸಿದ್ದೆ ಕಣ್ರೀ. ಕೊಟ್ಟವರ ಎದುರೇ ಬಿಚ್ಚಿದರೆ ಆಸೆಬುರುಕತನ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಕಣ್ಣು ಆಗಾಗ ಅಲಮಾರಿನ ಕಡೆ ಹೋಗುತ್ತಿತ್ತು.

ನಿಜವಾದ ಎಡವಟ್ಟು ಊಟಕ್ಕೆ ಕೂತಾಗ ಆಯಿತು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ. ಗೆಳೆಯ ಮೊದಲೇ ಹೇಳಿದ್ದ. ಟಿಟಾ ನನಗೆ ಅಂತಲೇ ಪಿನಕ್‌ಬೆಟ್ ಮಾಡಿದ್ದರು. ಸಿಹಿಗುಂಬಳ, ಬೆಂಡೆ, ಬದನೆ, ಹಾಗಲ, ಅಲಸಂದೆ. ಹಂದಿಮಾಂಸದ ಚೂರು ಹಾಕಿರಲಿಲ್ಲ. ತಟ್ಟೆಗೆ ಬಡಿಸಿಕೊಂಡು ನೋಡುತ್ತೇನೆ, ಬೆಂಡೆಕಾಯಿಗೆ ಅಕ್ಕಿ ನುಚ್ಚಿಗಿಂತ ಸಣ್ಣ ಕಣ್ಣುಳ್ಳ ಏನೋ ಅಂಟಿದೆ. "ಇದರಲ್ಲಿ ಸಿಗಡಿ ಇದೆ!" ಅಂದುಬಿಟ್ಟೆ. ಜೋರಾಗಿಯೇ.

ಮೇಜು ಸದ್ದಡಗಿತು. ಟಿಟಾ ನಕ್ಕರು. ಆದರೆ ಅದು ನಗು ಅಲ್ಲ ಅಂತ ನನಗೂ ಗೊತ್ತಾಯಿತು. ಎದ್ದು ಅಡುಗೆಮನೆಗೆ ಹೋದರು. ಹತ್ತು ನಿಮಿಷಕ್ಕೆ ಸುಟ್ಟ ಬದನೆಕಾಯಿ, ಟೊಮೆಟೊ, ಈರುಳ್ಳಿ ಕಲಸಿ ತಂದಿಟ್ಟರು. ನಮ್ಮ ಬದನೆಕಾಯಿ ಬಜ್ಜಿಯೇ, ಮೊಸರಿನ ಬದಲು ಹುಳಿನೀರು. ರುಚಿಯಾಗಿತ್ತು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಗೆಳೆಯ ಬಿಡಿಸಿ ಹೇಳಿದ. ಬಾಗೂಂಗ್, ಅಂದರೆ ಉಪ್ಪಿನಲ್ಲಿ ಕೊಳೆಸಿದ ಪುಟ್ಟ ಸಿಗಡಿ, ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ, ಉಪ್ಪು. ಒಗ್ಗರಣೆಗೆ ಇಂಗು ಹಾಕಿದ್ದನ್ನು ನಾವು ಯಾರಿಗಾದರೂ ಹೇಳುತ್ತೇವಾ? ಅದಿರಲಿ, ತಪ್ಪು ಆದದ್ದು ಬೇರೆ ಕಡೆ. ನಾನು ಹೇಳಬೇಕಿದ್ದದ್ದು ಅವನ ಕಿವಿಯಲ್ಲಿ. ಅವನು ತನ್ನ ಅಕ್ಕನಿಗೆ ಹೇಳುತ್ತಿದ್ದ. ಅಕ್ಕ ಅಡುಗೆಮನೆಯಲ್ಲಿ ಟಿಟಾಗೆ ಹೇಳುತ್ತಿದ್ದಳು. ಪಾತ್ರೆ ಸುಮ್ನೆ ಬದಲಾಗುತ್ತಿತ್ತು, ಯಾರ ಮುಖವೂ ಕೆಂಪಾಗುತ್ತಿರಲಿಲ್ಲ. ಹತ್ತು ಜನರ ಎದುರು ಮುಖ ಕಳೆಯುವುದಕ್ಕೆ, ಆ ಕುಗ್ಗುವಿಕೆಗೆ, ಹಿಯಾ ಅನ್ನುತ್ತಾರೆ. ನಾಚಿಕೆ, ಸಂಕೋಚ, ಅವಮಾನ ಮೂರೂ ಕಲಸಿದ ಪದ. ಕೆಟ್ಟ ಸುದ್ದಿ ಯಾವತ್ತೂ ನೇರವಾಗಿ ಹೋಗಬಾರದು, ಜೀಪ್ನಿಯ ಚಿಲ್ಲರೆಯ ಹಾಗೆ ಕೈಯಿಂದ ಕೈಗೆ ಹೋಗಬೇಕು.

ಅದೇ ಕಾರಣಕ್ಕೆ ಇವರು "ಇಲ್ಲ" ಅನ್ನುವುದೂ ಇಲ್ಲ. ಬರ್ತೀರಾ ಅಂದರೆ "ಟ್ರೈ ಮಾಡ್ತೀನಿ" ಅನ್ನುತ್ತಾರೆ. ಬರೋಲ್ಲ ಅಂತ ಅರ್ಥ. ನಮ್ಮ "ನೋಡೋಣ" ಇದ್ದ ಹಾಗೆ.

ಮಲಗುವ ಮುಂಚೆ ಬಚ್ಚಲಿಗೆ ಹೋದೆ. ಬಕೆಟ್ಟು, ಅದರೊಳಗೆ ತೇಲುವ ಹಿಡಿಕೆಯ ಮಗ್ಗು. ಟಾಬೊ ಅಂತಾರೆ. ಪರದೇಶದಲ್ಲಿ ಮಗ್ಗು ಕಂಡಾಗ ಆಗುವ ನೆಮ್ಮದಿ ಏನು ಅಂತ ಓದುಗರಿಗೆ ವಿವರಿಸಬೇಕಾಗಿಲ್ಲ.

ಮೂರನೇ ದಿನ, ಡಿಸೆಂಬರ್ 16

ಬೆಳಗಿನ ಜಾವ ಮೂರೂವರೆಗೆ ಎಬ್ಬಿಸಿದರು. ಸಿಂಬಾಂಗ್ ಗಬಿ ಇವತ್ತಿನಿಂದ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಕೋಳಿ ಕೂಗುವ ಮುಂಚೆ ಚರ್ಚಿನಲ್ಲಿ ಪೂಜೆ. ಸ್ಪೇನಿನವರ ಕಾಲದಲ್ಲಿ ರೈತರು ಹೊಲಕ್ಕೆ ಹೋಗುವ ಮುಂಚೆ ಬಂದು ಹೋಗಲಿ ಅಂತ ಈ ಹೊತ್ತು ಇಟ್ಟರಂತೆ. ಕತ್ತಲಲ್ಲಿ ಶಾಲು ಹೊದ್ದು ನಡೆಯುವಾಗ ನನಗೆ ಥಟ್ಟನೆ ಹೊಳೆಯಿತು. ಊರಲ್ಲಿ ಅಮ್ಮ ಕೂಡ ಇದೇ ದಿನಗಳಲ್ಲಿ, ಇಷ್ಟು ಹೊತ್ತಿಗೇ ಧನುರ್ಮಾಸದ ಪೂಜೆಗೆ ಹೊರಟಿರುತ್ತಾಳೆ. ಅವಳಿಗೆ ಹುಗ್ಗಿ ಸಿಗುತ್ತೆ. ಇಲ್ಲೇನು ಸಿಗುತ್ತೋ.

ಸಂತ ಮಾರ್ಟಿನ್ನನ ಬೆಸಿಲಿಕಾ ದಿಬ್ಬದ ಮೇಲಿದೆ. ಏಷ್ಯಾದ ಅತಿ ದೊಡ್ಡ ಚರ್ಚುಗಳಲ್ಲಿ ಒಂದು ಅಂತ ಊರವರ ಹೆಮ್ಮೆ. ಒಳಗೆ ನಿಂತರೆ ನಂಬಬಹುದು ಅನಿಸುತ್ತದೆ. ಕಾಲಿಡಲು ಜಾಗ ಇರಲಿಲ್ಲ. ಜನರ ಮಧ್ಯೆ ದಾಟುವವರು ಸೊಂಟ ಬಗ್ಗಿಸಿ, ಒಂದು ಕೈ ಕತ್ತಿಯ ಹಾಗೆ ಮುಂದೆ ಚಾಚಿ, "ಮಕಿಕಿರಾನ್ ಪೊ" ಅನ್ನುತ್ತಾ ನುಸುಳುತ್ತಿದ್ದರು. ದಾರಿ ಬಿಡ್ರೀ ಅಂತ. ಬತಾಂಗಾಸ್‌ನಲ್ಲಿ ಇದು ಎಷ್ಟೋ ಸಲ "ಹೊ" ಆಗುತ್ತದೆ, ಅದೂ ಇನ್ನೊಂದು "ರೀ".

ಹೊರಗೆ ಬಂದರೆ ಎದುರಿಗೇ ಬಿಬಿಂಗ್ಕಾ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಮೊಟ್ಟೆ ಕಲಸಿ, ಬಾಳೆಲೆ ಹಾಸಿದ ಮಣ್ಣಿನ ಬಟ್ಟಲಿಗೆ ಹೊಯ್ದು, ಕೆಳಗೂ ಕೆಂಡ ಮೇಲೂ ಕೆಂಡ ಇಡುತ್ತಾರೆ. ಬೆಂದ ಮೇಲೆ ಬೆಣ್ಣೆ, ಸಕ್ಕರೆ, ಕಾಯಿತುರಿ. ಪಕ್ಕದಲ್ಲಿ ಪುತೊ ಬುಂಬೊಂಗ್, ಬಿದಿರು ಕೊಳವೆಯಲ್ಲಿ ಆವಿಯಲ್ಲಿ ಬೇಯಿಸಿದ ನೇರಳೆ ಬಣ್ಣದ ಪುಟ್ಟು. ತೆಂಗಿನ ಸೀಮೆಯವನು ನಾನು, ಕಾಯಿ ವಿಷಯದಲ್ಲಿ ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿದೆ. ಅಮ್ಮನ ಹುಗ್ಗಿಗೂ ಇದಕ್ಕೂ ಪಂದ್ಯ ಇಟ್ಟರೆ ನಾನು ತೀರ್ಪು ಹೇಳುವುದಿಲ್ಲ. ನೋಡೋಣ.

ಮನೆಗೆ ಬಂದು ಕಾಫಿ. ಬತಾಂಗಾಸ್ ಕಾಫಿಗೆ ಬಾರಾಕೊ ಅಂತ ಹೆಸರು, ಲೈಬೀರಿಕಾ ಜಾತಿ. ನಮ್ಮ ಕೊಡಗಿನ ಕಡೆ ಮರಕಾಫಿ ಅಂತಾರಲ್ಲ, ಅದೇ. ಪಕ್ಕದ ಲಿಪಾ ಊರು 19ನೇ ಶತಮಾನದಲ್ಲಿ ಕಾಫಿಯಿಂದಲೇ ಶ್ರೀಮಂತವಾಗಿ, 1880ರ ದಶಕದ ಕೊನೆಗೆ ಎಲೆರೋಗ ಬಂದು ಮಕಾಡೆ ಮಲಗಿತು. ಲೋಲಾ ತಮ್ಮ ಬಿಸಿ ಅನ್ನದ ಮೇಲೆ ಕಾಫಿ ಸುರಿದುಕೊಂಡು ಕಲಸಿದರು. ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಹಳೇ ಬತಾಂಗಾಸ್‌ನವರ ರೂಢಿಯಂತೆ. ನಾನು ಮಜ್ಜಿಗೆ ಅನ್ನದ ಊರಿನವನು. ನನ್ನನ್ನು ನೋಡಿ ಅವರು ಪಿಳಿಪಿಳಿ ಬಿಡಬಹುದಿತ್ತು.

ತಟ್ಟೆಯಲ್ಲಿ ಕೊನೆಗೊಂದು ಬಿಬಿಂಗ್ಕಾ ತುಂಡು ಉಳಿಯಿತು. ಎಲ್ಲರ ಕಣ್ಣೂ ಅದರ ಮೇಲೆ, ಯಾರೂ ಮುಟ್ಟಲಿಲ್ಲ. ಕೊನೇ ತುಂಡು ತೆಗೆಯುವವನು ಹಿಯಾ ಇಲ್ಲದವನು. ಟಿಟಾ ನನಗೆ ತಗೋ ಅಂದರು. ಬೇಡ ಅಂದೆ. ಮತ್ತೆ ಅಂದರು. ಬೇಡ ಅಂದೆ. ಮೂರನೇ ಸಲ ತಟ್ಟೆಯನ್ನೇ ನನ್ನ ಕಡೆ ದೂಡಿದರು. ಮೂರು ಸಲ ಕರೆದರೆ ನಿಜವಾದ ಕರೆ ಅಂತ ನಿನ್ನೆಯ ಡ್ರೈವರ್ ಪಾಠವಾದ ಮೇಲೆ ಗೆಳೆಯ ಹೇಳಿಕೊಟ್ಟಿದ್ದ. ತಗೊಂಡೆ. ಟಿಟಾ ಮುಖದಲ್ಲಿ ನಗು ಬಂತು, ಈ ಸಲ ನಿಜದ್ದು. ಸಿಗಡಿ ಕ್ಷಮೆ ಆಗಿತ್ತು.

ನಾಲ್ಕನೇ ದಿನ, ಡಿಸೆಂಬರ್ 17

ಊರು ಸುತ್ತಿದೆವು. ಹೆಚ್ಚು ಹೇಳುವಂಥದ್ದಿಲ್ಲ. ಅನಾನಸ್ ಎಲೆಯ ನಾರಿನ ಬಟ್ಟೆ ಮೇಲೆ ಕಸೂತಿ ಹಾಕುವವರನ್ನು ನೋಡಿದೆ. ಬಾರೊಂಗ್ ಅಂಗಿಗೆ ಅದು. ಸೊಂಟದೊಳಗೆ ಸಿಕ್ಕಿಸದೆ ಹೊರಗೇ ಬಿಡಬೇಕು. 1898ರಲ್ಲಿ ಫಿಲಿಪ್ಪೀನ್ಸ್‌ನ ಮೊದಲ ಬಾವುಟ ಹೊಲಿದ ಮಾರ್ಸೆಲಾ ಅಗೊನ್ಸಿಲ್ಲೊ ಈ ಊರಿನವರು, ಅವರ ಮನೆ ಈಗ ಮ್ಯೂಸಿಯಂ.

ದಾರಿಯಲ್ಲಿ ಸಿಕ್ಕವರೆಲ್ಲ ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಿದ್ದರು. ಉತ್ತರ ಒಂದೇ, "ದಿಯಾನ್ ಲಂಗ್". ಇಲ್ಲೇ. ಮ್ಯೂಸಿಯಂಗೆ ಅಂತ ವಿವರವಾಗಿ ಹೇಳಲು ಹೋದವನು ನಾನೊಬ್ಬನೇ. ಕೇಳಿದವರು ಉತ್ತರ ಕೇಳುವ ಮುಂಚೆಯೇ ಮುಂದೆ ಹೋಗಿಯಾಗಿತ್ತು.

ಸಂಜೆ ಮನೆ ಹಿತ್ತಲಿನ ಹುತ್ತದ ಪಕ್ಕ ಹಾದು ಹೋಗುವಾಗ ಗೆಳೆಯ, ಇಂಗ್ಲಿಷಿನಲ್ಲಿ ಸಾಫ್ಟ್‌ವೇರ್ ಬೈಯುತ್ತಿದ್ದವನು, ಮಾತು ನಿಲ್ಲಿಸಿ "ತಬಿ ತಬಿ ಪೊ" ಅಂದ. ಸರಿಯಿರಿ ರೀ, ಹಾದು ಹೋಗ್ತೀವಿ ಅಂತ. ಹುತ್ತದಲ್ಲಿ ಕುಳ್ಳ ಮುದುಕನಂಥ ಒಬ್ಬ ಇರುತ್ತಾನೆ, ಅವನ ಮೇಲೆ ಕಾಲಿಟ್ಟರೆ ಕಾಯಿಲೆ ಬರುತ್ತೆ. ನಂಬ್ತೀಯಾ ಅಂತ ಕೇಳಿದೆ. "ನಂಬಲ್ಲ, ಆದರೆ ಪೊ ಅನ್ನೋಕೆ ಏನು ಖರ್ಚು?" ಅಂದ. ನಾನು ಹುತ್ತಕ್ಕೆ ಹಾಲೆರೆಯುವ ಮನೆಯವನು. ಸುಮ್ಮನಾದೆ. ತಬಿ ತಬಿ ಪೊ ಅಂತ ನಾನೂ ಅಂದೆ.

ಐದನೇ ದಿನ, ಡಿಸೆಂಬರ್ 18

ಬೆಳಗ್ಗೆ ಸುದ್ದಿ ಬಂತು. ಎರಡು ಬೀದಿ ಆಚೆ ಒಬ್ಬ ಹಿರಿಯರು ತೀರಿಕೊಂಡು ಮೂರು ದಿನವಾಗಿದೆ, ಇವತ್ತು ರಾತ್ರಿ ಲಾಮಾಯ್‌ಗೆ ಹೋಗಬೇಕು. ಲಾಮಾಯ್ ಅಂದರೆ ಹೆಣ ಕಾಯುವುದು. ಮಣ್ಣು ಮಾಡುವ ಮುಂಚೆ ಮೂರು ದಿನ, ಐದು ದಿನ, ಮಗ ಹೊರದೇಶದಿಂದ ಬರಬೇಕಿದ್ದರೆ ಇನ್ನೂ ಜಾಸ್ತಿ ದಿನ ಇಡುತ್ತಾರೆ. ನೀನು ಬರಬೇಕಿಲ್ಲ ಅಂದ ಗೆಳೆಯ. ಹೋದೆ.

ಹಜಾರದಲ್ಲಿ ಬಿಳಿ ಪೆಟ್ಟಿಗೆ, ಮೇಲೆ ಗಾಜು, ಸುತ್ತ ದೀಪ, ಹೂವಿನ ಹಾರ. ಬದುಕಿದ್ದಾಗ ಹಾಕದ ಕೋಟನ್ನು ಅಜ್ಜನಿಗೆ ಹಾಕಿದ್ದರು. ಅಷ್ಟು ಮಟ್ಟಿಗೆ ನಾನು ಊಹಿಸಿದ ಹಾಗೇ ಇತ್ತು. ಹೊರಗೆ ಅಂಗಳಕ್ಕೆ ಬಂದರೆ ಬೇರೆಯೇ ಲೋಕ. ಪೆಂಡಾಲು, ಪ್ಲಾಸ್ಟಿಕ್ ಕುರ್ಚಿ, ನಾಲ್ಕು ಮೇಜಿನಲ್ಲಿ ಇಸ್ಪೀಟು. ದುಡ್ಡು ಕಟ್ಟಿಯೇ ಆಡುತ್ತಿದ್ದರು. ಗೆದ್ದ ದುಡ್ಡಲ್ಲಿ ಒಂದು ಪಾಲು ತೀರಿಕೊಂಡವರ ಮನೆಗೆ. ಟ್ರೇಗಳಲ್ಲಿ ಬಿಸ್ಕತ್ತು, ಕಡಲೆಬೀಜ, ಪೆಪ್ಪರ್‌ಮಿಂಟು, ಕಾಫಿ. ರಾತ್ರಿಯಿಡೀ ಹೆಣವನ್ನು ಒಂಟಿ ಬಿಡಬಾರದು, ಎಚ್ಚರ ಇರಬೇಕಲ್ಲ, ಅದಕ್ಕೆ ಇದೆಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ಕಡೆಯಿಂದ ಬಂದವನು ನಾನು. ಕಾಫಿ ಲೋಟ ಹಿಡಿದು ಕುಡಿಯಲೋ ಬೇಡವೋ ಅಂತ ಹತ್ತು ನಿಮಿಷ ಕೂತಿದ್ದೆ. ಆಮೇಲೆ ಕುಡಿದೆ. ಆರಿಹೋಗಿತ್ತು.

ಗೆಳೆಯ ಲಕೋಟೆಯಲ್ಲಿ ದುಡ್ಡು ಕೊಟ್ಟ, ಅಬುಲೊಯ್. ಒಬ್ಬಳು ಹುಡುಗಿ ನೋಟ್‌ಬುಕ್ಕಿನಲ್ಲಿ ಹೆಸರು, ಮೊತ್ತ ಬರೆದುಕೊಂಡಳು. ಕೊಟ್ಟವರ ಮನೆಯಲ್ಲಿ ಸಾವಾದಾಗ ಈ ಮನೆಯವರು ತಿರುಗಿ ಕೊಡಬೇಕು. ನಮ್ಮ ಮುಯ್ಯಿ ಪುಸ್ತಕವೇ. ನಮ್ಮದು ಮದುವೆಗೆ, ಇವರದು ಸಾವಿಗೆ.

ಅಲ್ಲೇ ಪಕ್ಕದ ಕುರ್ಚಿಯ ಹೆಂಗಸು ನನ್ನನ್ನು ನೋಡಿ, ಆ ಹಳದಿ ಸಿಹಿ ತಂದವನು ನೀನೇನಾ ಅಂತ ಕೇಳಿದರು. ತುಂಬಾ ಚೆನ್ನಾಗಿತ್ತು, ಬೆಣ್ಣೆಯಾ ಅಂತ. ನನ್ನ ಮೈಸೂರು ಪಾಕು! ಲೋಲಾ ಒಂದೊಂದು ತುಂಡನ್ನು ನಾಲ್ಕು ಮಾಡಿ, ಏಳು ಮನೆಗೆ ಹಂಚಿದ್ದರಂತೆ. ಸಾವಿನ ಮನೆಯಲ್ಲಿ ಹಲ್ಲು ಬಿಡಬಾರದು ಅಂತ ತುಟಿ ಕಚ್ಚಿಕೊಂಡೆ.

ಹೊರಡುವಾಗ ಮನೆಯವರಿಗೆ ಹೇಳಿ ಹೋಗೋಣ ಅಂತ ಎದ್ದೆ. ಗೆಳೆಯ ಅಂಗಿ ಹಿಡಿದು ಎಳೆದ. ಹೇಳಬಾರದು. ಅವರು ಬಾಗಿಲವರೆಗೆ ಬಂದು ಕಳಿಸಲೂಬಾರದು. ಬಂದದ್ದಕ್ಕೆ ಥ್ಯಾಂಕ್ಸ್ ಅನ್ನಲೂಬಾರದು. ಈ ಮನೆಯಿಂದ ತಿಂಡಿ ಕೂಡ ಕಟ್ಟಿಕೊಂಡು ಹೋಗಬಾರದು. ನನ್ನ ಜೇಬಿನಲ್ಲಿದ್ದ ಎರಡು ಪೆಪ್ಪರ್‌ಮಿಂಟನ್ನು ತೆಗೆಸಿ ಟ್ರೇಗೆ ಹಾಕಿಸಿದ. ನಮ್ಮಲ್ಲೂ ಇಂಥ ಮನೆಯಿಂದ "ಬರ್ತೀನಿ" ಅನ್ನದೆ ಎದ್ದು ಬರುವುದು ಆಗ ನೆನಪಾಯಿತು.

ನೇರ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳೋಣ ಅಂದುಕೊಂಡೆ. ನೇರ ಮನೆಗೆ ಹೋಗಲೇಬಾರದಂತೆ! ಹೋದರೆ ಸತ್ತವರ ಆತ್ಮ ಬೆನ್ನು ಹತ್ತಿ ಬರುತ್ತೆ. ನಡುವೆ ಎಲ್ಲಾದರೂ ನಿಂತು, ಅದನ್ನು ಕೊಡವಿಕೊಂಡು ಹೋಗಬೇಕು. ಪಗ್‌ಪಗ್ ಅಂತಾರೆ, ಕೊಡವುವುದು ಅಂತಲೇ ಅರ್ಥ. ಹಾಗಾಗಿ ರಾತ್ರಿ ಹೊತ್ತಲ್ಲಿ ನಾವು ಐದು ಜನ ಪಕ್ಕದ ಊರಿನ ಜಾಲಿಬೀ ಅಂಗಡಿಗೆ ಹೋದೆವು. ಕೆಂಪು ಜೇನುಹುಳದ ಬೊಂಬೆ ನಿಂತು ನಗುತ್ತಿತ್ತು. ನಾನು ಪೀಚ್ ಮಾವಿನ ಪೈ ತಿಂದೆ. ಲಾಮಾಯ್‌ನಲ್ಲಿ ಇಸ್ಪೀಟು ಆಡುತ್ತಿದ್ದ ಮೂವರು ಎರಡು ಮೇಜಿನ ಆಚೆ ಫ್ರೆಂಚ್ ಫ್ರೈಸ್ ತಿನ್ನುತ್ತಿದ್ದರು. ಪಾಪ, ಎಲ್ಲ ಆತ್ಮಗಳೂ ಇಲ್ಲೇ ಉಳಿದುಕೊಂಡರೆ ಈ ಅಂಗಡಿಯವರ ಗತಿ ಏನು ಅಂತ ಕೇಳಿದೆ. "ಅವಕ್ಕೂ ಹಸಿವಾಗಿರುತ್ತೆ, ಇರಲಿ ಬಿಡು" ಅಂದಳು ಆತೆ.

ಮನೆಗೆ ಬಂದು ನಾನು ಸದ್ದಾಗದ ಹಾಗೆ ಟಾಬೊದಲ್ಲಿ ಸ್ನಾನವನ್ನೂ ಮಾಡಿದೆ. ಎರಡೂ ಕಡೆಯದು ಆಗಿಬಿಡಲಿ ಅಂತ.

ಆರನೇ ದಿನ, ಡಿಸೆಂಬರ್ 19

ಬಸ್ಸು ಹನ್ನೆರಡೂವರೆಗೆ. ಅಡುಗೆ ಹನ್ನೆರಡಕ್ಕೆ ಆಯಿತು. ಇವರ ಗಡಿಯಾರ ನಮ್ಮದೇ ಕಂಪನಿಯದು. ಟಿಟಾ ಸಿಹಿಗುಂಬಳ, ಅಲಸಂದೆಯನ್ನು ತೆಂಗಿನ ಹಾಲಲ್ಲಿ ಬೇಯಿಸಿದ್ದರು. "ನೋ ಬಾಗೂಂಗ್" ಅಂತ ಅವರು ನನಗೆ ಹೇಳಲಿಲ್ಲ. ಗೆಳೆಯನಿಗೆ ಹೇಳಿದರು, ಅವನು ನನಗೆ ಹೇಳಿದ. ನಾನು ಕೈಯಲ್ಲಿ ಕಲಸ್ತಾ ಇದ್ದದ್ದು ನೋಡಿ ಮಕ್ಕಳೂ ಫೋರ್ಕು ಚಮಚ ಪಕ್ಕಕ್ಕಿಟ್ಟವು. ಉಪ್ಪಿನ ರುಚಿ ಬರೋಕೆ ಏನೋ ಕಮ್ಮಿಯಾಗಿತ್ತು. ಅದೇನು ಅಂತ ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡು ಸಲ ಬಡಿಸಿಕೊಂಡೆ.

ಲೋಲಾ ಸ್ಟೀಲ್ ಡಬ್ಬಿ ವಾಪಸ್ ಕೊಟ್ಟರು. ಭಾರ ಇತ್ತು. ಎದುರಿಗೇ ಬಿಚ್ಚಬಾರದು ಅಂತ ಈಗ ನನಗೂ ಗೊತ್ತಿತ್ತಲ್ಲ, ಬ್ಯಾಗಿಗೆ ಹಾಕಿದೆ. ಬಸ್ಸಿನಲ್ಲಿ ನೋಡಿದರೆ ಪನುತ್ಸಾ, ಬೆಲ್ಲ ಕಡಲೆಬೀಜದ ಗುಂಡನೆ ಚಿಕ್ಕಿ. ನಮ್ಮಜ್ಜಿಯೂ ಯಾರ ಡಬ್ಬಿಯನ್ನೂ ಖಾಲಿ ಕೊಟ್ಟವಳಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತಿದ್ದಳು.

ಹನ್ನೆರಡು ಇಪ್ಪತ್ತಾಯಿತು. ಎಲ್ಲರದೂ ಇನ್ನೂ ಅರ್ಧ ಊಟ. ಊಟದ ಮಧ್ಯೆ ಎದ್ದು ಹೋಗುವುದು ನನಗೆ ಕಸಿವಿಸಿ. "ಮೌನಾ ನ ಪೊ ಅಕೊ" ಅನ್ನು ಅಂತ ಗೆಳೆಯ ಮೊದಲೇ ಬಾಯಿಪಾಠ ಮಾಡಿಸಿದ್ದ. ನಾನು ಮುಂದೆ ಹೋಗಿರ್ತೀನಿ ರೀ ಅಂತ. ಹೋಗ್ತೀನಿ ಅಂತ ಇವರೂ ಬರಿದೇ ಅನ್ನುವುದಿಲ್ಲ. ಎದ್ದು ನಿಂತು ಹೇಳಿದೆ. ಲೋಲಾ ಕೈಯನ್ನು ಹಣೆಗೆ ಒತ್ತಿಕೊಂಡೆ. ಈ ಸಲ ಕುಂಬಳಕಾಯಿ ವಾಸನೆ.

ಲೋಲಾ ಏನೋ ಗಟ್ಟಿಯಾಗಿ ಅಂದರು. ಎಲ್ಲರೂ ಒಟ್ಟಿಗೆ ತಮ್ಮ ತಟ್ಟೆ ಹಿಡಿದು, ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. ಪಿಂಗಾಣಿ ಮರಕ್ಕೆ ಉಜ್ಜಿ ಗರಗರ ಸದ್ದು. ಊಟ ಮುಗಿಯುವ ಮುಂಚೆ ಯಾರಾದರೂ ಪ್ರಯಾಣ ಹೊರಟರೆ ಉಳಿದವರು ತಟ್ಟೆ ತಿರುಗಿಸಬೇಕು. ಆಗ ದಾರಿಯಲ್ಲಿ ಅವರಿಗೆ ಏನೂ ಆಗುವುದಿಲ್ಲ. ನಕ್ಕುಕೊಂಡೇ ತಿರುಗಿಸಿದರು. ಆದರೆ ಒಬ್ಬರೂ ಬಿಡಲಿಲ್ಲ.

ಚಪ್ಪಲಿ ಮೆಟ್ಟಿ ಅಂಗಳ ದಾಟಿ ಗೇಟಿನ ಹತ್ತಿರ ಬಂದೆ. ಒಳಗಿಂದ ಲೋಲಾ ಯಾರನ್ನೋ ಗದರಿದ್ದು ಕೇಳಿಸಿತು. ಹಿಂದೆಯೇ ಗರ್ ಅಂತ ಒಂದು ಒಂಟಿ ತಟ್ಟೆ ತಿರುಗಿತು.